ವಸಂತದ ಮದುವೆ ಮತ್ತು ಶಂಕರಪುರದ ಮಲ್ಲಿಗೆ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಹೂಮಾಲೆಗಳ ಭೋಗಕ್ಕೇ ಪ್ರತ್ಯೇಕ ಪ್ರಕರಣವಿರುವುದನ್ನು ಗಮನಿಸಿದರೆ, ಹೂವಿನ ಆಯ್ಕೆಯು ಕನ್ನಡನಾಡಿನಲ್ಲಿ ಎಷ್ಟು ಹಿಂದೆಯೇ ಶಾಸ್ತ್ರದ ವಿಷಯವಾಗಿತ್ತೆಂಬುದು ತಿಳಿಯುತ್ತದೆ. ಚೈತ್ರ-ವೈಶಾಖಗಳ ಲಗ್ನಗಳಿಗೆ ಮಲ್ಲಿಗೆಯೇ ಮುಖ್ಯವಾಗಲು ಸಂಪ್ರದಾಯದಷ್ಟೇ ಹವಾಮಾನವೂ ಕಾರಣ: ಬಿಸಿಲೇರಿದಂತೆ ಮೊಗ್ಗು ಹೆಚ್ಚುವ ಈ ಗಿಡ ಮಳೆ-ಚಳಿಗಳಲ್ಲಿ ಇಳುವರಿ ತಗ್ಗಿಸುತ್ತದೆ, ಸೇವಂತಿಗೆಯಾದರೋ ಮೂಲತಃ ಹಗಲು ಕಿರಿದಾದಾಗ ಅರಳುವ ಚಳಿಗಾಲದ ಹೂವು.

ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆ ಮನೆಯಂಗಳದ ಕಸುಬಾಗಿ ಬೆಳೆಯಿತು. ಬಿರಿಯುವ ಮೊದಲೇ ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ 'ಚೆಂಡು' ಮಾಡುತ್ತಾರೆ. ಸುಮಾರು 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು 'ಅಟ್ಟೆ', ಅಂದರೆ ಸಗಟು ವ್ಯಾಪಾರದ ಅಳತೆ. ದರ ದಿನದಿನಕ್ಕೂ ಬದಲಾಗುವುದರಿಂದ, ಲಗ್ನಗಳು ಒತ್ತೊತ್ತಾಗಿ ಬಂದ ದಿನ ಸುಗ್ಗಿಯ ಹೂವೂ ದುಬಾರಿಯಾಗುತ್ತದೆ. ಉಡುಪಿ, ಮೈಸೂರು, ಹಡಗಲಿ ಮಲ್ಲಿಗೆಗಳಿಗೆ ಇಂದು ಭೌಗೋಳಿಕ ಸೂಚಿಕೆ, ಅಂದರೆ ಊರಿನ ಹೆಸರಿಗೆ ದೊರೆಯುವ ಕಾನೂನು ರಕ್ಷಣೆ, ಲಭಿಸಿದೆ. ಮಂಟಪವನ್ನು ತುಂಬುವ ಚೆಂಡುಹೂವಿಗೆ ಮಾತ್ರ ಇಷ್ಟು ಹಳೆಯ ನೆಲಸಂಬಂಧವಿಲ್ಲ. ಶಾಸ್ತ್ರೋಕ್ತವೆಂಬಂತೆ ಕಾಣುವ ಆ ಹೂವು ಮೆಕ್ಸಿಕೊ ಮೂಲದ್ದು.