ಹಲಸೂರಜ್ಜಿಯ ಹೆಸರು

ಕೃಷ್ಣರಾಜಪುರದ ಹತ್ತಿರದ ನಮ್ಮ ಹಳ್ಳಿಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಬಂದು, ನಮ್ಮ ವಂಶದ ಏಳು ತಲೆಮಾರನ್ನು ತಡವರಿಸದೆ ಹೇಳಿ, ರಾಗಿ ಪಡೆದು ಹೋಗುವರು. ಅದರಲ್ಲಿ ಅಜ್ಜ, ಮುತ್ತಜ್ಜ ಎಲ್ಲರೂ ಇದ್ದರು, ಮುತ್ತಜ್ಜಿ ಇರಲಿಲ್ಲ. ಮನೆಯವರ ಬಾಯಲ್ಲೂ ಆಕೆ ಬರೀ ‘ಹಲಸೂರಜ್ಜಿ’. ತವರೂರೇ ಹೆಸರು.

ಹುಡುಕಹೊರಟರೆ ಚರಿತ್ರೆಯೇ ಎರಡು ಹೋಳು. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಬಳಿ ನೆಲೆಯೂರಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡುಪ್ರದೇಶ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅಜ್ಜಿಗೆ ಗಂಡನ ಮನೆ ಮಹಾರಾಜರ ಸೀಮೆ, ತವರು ಬಿಳಿಯರ ಸೀಮೆ. ಪೇಟೆ, ದಂಡು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆಕೆಯನ್ನು ಬಲ್ಲ ತವರಿನವರಾದರೋ 1898ರ ಪ್ಲೇಗಿನಲ್ಲೇ ಚದುರಿಹೋಗಿದ್ದರು.

ಸುಳಿವು ಸಿಕ್ಕಿದ್ದು ನಮ್ಮ ಅಟ್ಟದ ಮೇಲೆ. ಆಕೆ ಬಳುವಳಿಯಾಗಿ ತಂದ ಹಿತ್ತಾಳೆ ಕೊಳಗದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದರು. ಬೆಳಕಿಗೆ ಹಿಡಿದೆ, ಬೆರಳಾಡಿಸಿದೆ. ಉಳಿದಿದ್ದುದು ಕೊನೆಯ ‘ಮ್ಮ’ ಮಾತ್ರ. ಮಿಕ್ಕದ್ದನ್ನು ಮೂರು ತಲೆಮಾರಿನ ಸೊಸೆಯರು ಬೂದಿ, ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆಸಿದ್ದರು.

ಹೆಳವರ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರು ಹೇಳದೆ ಬಿಟ್ಟಿದ್ದರು, ನಾವು ಕೇಳದೆ ಬಿಟ್ಟಿದ್ದೆವು.

ಅಂದು ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಆಕೆಗೆ ನೆನಪಿದ್ದ ಅತ್ತೆ, ನಾದಿನಿ, ಚಿಕ್ಕಮ್ಮ, ದೊಡ್ಡಮ್ಮಂದಿರ ಹೆಸರನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿಮ್ಮ ಮನೆಯ ಹಿರಿಯರನ್ನೂ ಇಂದೇ ಕೇಳಿಬಿಡಿ.

ನನ್ನ ಪುಸ್ತಕದ ಮೊದಲ ಸಾಲಿನಲ್ಲಿ ಮೂರು ಅಕ್ಷರದಷ್ಟು ಜಾಗ ಬಿಟ್ಟು ‘ಮ್ಮ’ ಎಂದು ಬರೆದಿದ್ದೇನೆ.