ಜಮಖಂಡಿಗೆ ಹೊರಟು ಹಲಗಲಿ ಮುಟ್ಟಿದ ಸೈಕಲ್ಲುಗಳು

ಹೋದ ರವಿವಾರ ನಾವು ಆರು ಮಂದಿ ಮುಧೋಳದಿಂದ ಸೈಕಲ್ ಮ್ಯಾಲೆ ಜಮಖಂಡಿಗೆ ಹೊರಟಿದ್ವಿ. ಪಟವರ್ಧನರ ಹಳೇ ಸಂಸ್ಥಾನದ ಊರು ನೋಡಿ ಸಂಜೀಕೆ ವಾಪಸ್ ಅನ್ನೋದು ಪ್ಲಾನು. ಊರು ದಾಟೋದ್ರೊಳಗ ಕಬ್ಬಿನ ಬೆಲೆಗಾಗಿ ರಸ್ತೆ ತಡೆ. ಟ್ರ್ಯಾಕ್ಟರ್ ಸಾಲು ನಿಂತಿತ್ತು. "ಸೈಕಲ್ ಅದಾವಲ್ಲ, ನೀವು ಹೋಗ್ರಿ" ಅಂದ್ರು. "ಹೋರಾಟಕ್ಕ ಕುಂತ ಮಂದೀನ ಸೀಳ್ಕೊಂಡು ಹೋಗೋದು ಬ್ಯಾಡ" ಅಂದ ನಮ್ಮ ಗೆಳೆಯ. (ಕಬ್ಬು ಕಡಿಯೋ ಗ್ಯಾಂಗಿನವರ ಕೂಲಿ ಬಗ್ಗೆ ಆ ಮೈಕಿನ್ಯಾಗ ಒಂದು ಮಾತೂ ಬರಲಿಲ್ಲ, ಅದನ್ನ ಇನ್ನೊಮ್ಮೆ ಬರೀತೀನಿ.) ಹ್ಯಾಂಡಲ್ ಮಂಟೂರ ಕಡೆ ತಿರುಗಿತು. ಅಲ್ಲಿಂದ ಹಲಗಲಿ.

ಹಲಗಲಿ ಬೇಡರ ಲಾವಣಿ ಶಾಲೆಯೊಳಗ ಓದಿದವರು ನಮ್ಮಲ್ಲಿ ಬಹಳ ಮಂದಿ. ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ್ದು. ಮಾಸ್ತರರು ಅದನ್ನ ದೇಶಭಕ್ತಿ ಅಂತ ಕಲಿಸಿ ಮುಗಿಸ್ತಿದ್ರು. ಆದರೆ ಜಗಳ ಶುರುವಾದದ್ದು ಎಲ್ಲಿಂದ? 1857ರ ನಿಶ್ಶಸ್ತ್ರೀಕರಣ ಕಾಯಿದೆಯಿಂದ. ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು, ಇದ್ದದ್ದನ್ನು ಸರಕಾರಕ್ಕೆ ಒಪ್ಪಿಸಬೇಕು. ಬೇಟೆಯ ಕುಲದವರಿಗೆ ಆಯುಧ ಅಂದ್ರ ಅನ್ನ, ಮಾನ ಎರಡೂ. ಹನುಮ, ಬಾಲ, ಜಡಗ, ರಾಮ ಮುಂದೆ ನಿಂತು ಕೊಡೋದಿಲ್ಲ ಅಂದರು. ಮಂಟೂರ, ಬೋದಾನಿ, ಆಲಗುಂಡಿಯವರೂ ಕೂಡಿಕೊಂಡರು. ನವೆಂಬರ್ ಕೊನೆಗೆ ಕುದುರೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸುಮಾರು 290 ಮಂದಿ ಸೆರೆಯಾದರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ ಗಲ್ಲು. 14ಕ್ಕೆ ಹಲಗಲಿಯಲ್ಲೇ ಮತ್ತೆ 6 ಮಂದಿಗೆ ಗಲ್ಲು, ಅವರ ಊರವರ ಕಣ್ಣೆದುರಿಗೆ.

ನನಗೆ ಈಗಲೂ ಕಾಡೋದು ಆ ಲಾವಣಿಯ ಲೂಟಿಯ ಭಾಗ. ದಂಡಿನವರು ಒಯ್ದದ್ದು ಬಂಗಾರದ ಗಂಟಲ್ಲ. ಉಪ್ಪು, ಎಣ್ಣೆ, ಬೆಲ್ಲ, ಕುಡ, ಬೀಸುಕಲ್ಲು, ಕರಿಮಣಿ. ಬಡವರ ಮನಿಯೊಳಗ ಇರೋದೇ ಇಷ್ಟು. ಕಾಗದಪತ್ರದೊಳಗ ಸೆರೆ ಸಿಕ್ಕವರ ಲೆಕ್ಕ ಸಿಗ್ತದ. ಬೀಸುಕಲ್ಲಿನ ಲೆಕ್ಕ ಇಟ್ಟದ್ದು ಲಾವಣಿ ಕಟ್ಟಿದವ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಒಂದು ಪ್ರಶ್ನೆ ಎತ್ತಿದ್ದರು: ಇಷ್ಟು ಅನ್ಯಾಯ ಸಹಿಸಿಯೂ ಕೆಳಗಿನ ಜನ ಯಾಕೆ ದಂಗೆ ಏಳಲಿಲ್ಲ? ಚಾತುರ್ವರ್ಣ್ಯ ಅವರ ಕೈಗೆ ಆಯುಧ ಬರದಂಗ ಮಾಡಿತ್ತು ಅನ್ನೋದು ಅವರ ಉತ್ತರ. ಬೇಡರಿಗೆ 1857ರಲ್ಲಿ ಕಂಪನಿ ಸರಕಾರ ಮಾಡಿದ್ದನ್ನು ನಮ್ಮ ಕೇರಿಗೆ ಮನುಧರ್ಮ ಎಂದೋ ಮಾಡಿ ಮುಗಿಸಿತ್ತು. ನಮ್ಮಿಂದ ಕಸಿಯಲಿಕ್ಕೆ ಏನೂ ಉಳಿದಿರಲಿಲ್ಲ.

ಉಳಿದದ್ದು ಸೈಕಲ್, ಅದೂ ಆಮೇಲೆ ಬಂದದ್ದು. ನಮ್ಮಪ್ಪ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡಿದ್ದ. ಊರ ಅಗಸಿ ಬಂತಂದ್ರ ಇಳಿದು, ದೂಡ್ಕೊಂಡು, ದೊಡ್ಡ ಮನಿಗಳನ್ನ ದಾಟಿ ಮತ್ತ ಹತ್ತೋದು. ಯಾಕಪ್ಪಾ ಅಂದ್ರ "ಚೈನ್ ಬಿಚ್ಚಿಕೋತೈತಿ ಅಲ್ಲಿ" ಅಂತಿದ್ದ. ಬಹಳ ವರ್ಷ ನಾನು ಅದನ್ನ ನಂಬಿದ್ದೆ.

ಹಲಗಲಿಯ ಚಾದಂಗಡಿಯೊಳಗ ಒಬ್ಬ ಹಿರಿಯರು ಕೇಳಿದ್ರು, "ಎಲ್ಲಿಂದ ಬಂದೀರಿ ತಮ್ಮಾ?" ಮುಧೋಳದಿಂದ್ರೀ ಅಂದ್ವಿ. ಆಮೇಲೆ ಬರೋ ಪ್ರಶ್ನೆ ನಿಮಗೆಲ್ಲ ಗೊತ್ತಿದ್ದದ್ದೇ: "ಯಾವ ಮಂದಿ?" "ಅಂಬೇಡ್ಕರ್ ಮಂದಿ ರೀ" ಅಂದೆ. ಅಜ್ಜ ಒಂದು ಗಳಿಗೆ ಸುಮ್ಮನಿದ್ದು, ನಕ್ಕು, ಬಾಕಿನ ಮ್ಯಾಲೆ ಸರಿದು ಜಾಗ ಮಾಡಿದ್ರು. ಜಡಗ-ಬಾಲರ ಮಾತು ತೆಗೆದ್ವಿ. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ವಿ, ಅವರೂ ತಿಂದ್ರು.

ವಾಪಸ್ ಬರುವಾಗ ಎರಡು ಪಂಕ್ಚರ್. ಊರು ಸೇರಿದಾಗ ಕತ್ತಲು. ಹಾದಿಯಲ್ಲಿ ಬಂದ ಒಂದು ಅಗಸಿಯನ್ನೂ ಇಳಿಯದೆ ದಾಟಿದ್ವಿ. ಜಮಖಂಡಿ ಬಾಕಿ ಉಳಿದೈತಿ. ಬರೋ ರವಿವಾರ ಮುಂಜಾನೆ ಆರಕ್ಕೆ ಹೊರಡ್ತೀವಿ. ಬರೋರು ಕಾಮೆಂಟಿನಲ್ಲಿ ಹೆಸರು ಹಾಕ್ರಿ, ಪಂಪು ಒಂದು ತರ್ರಿ.