ಗತವರ್ಷ ಮತ್ತು ವರ್ತಮಾನವರ್ಷ: ಗೋವೆಯ ಕದಂಬರ ಕಾಲಗಣನೆಯಲ್ಲಿ ಸೊನ್ನೆ

ಜುವಾರಿ ನದಿಯ ದಡದ ಗೋಪಕಪಟ್ಟಣವನ್ನು, ಅಂದರೆ ಇಂದಿನ ಗೋವಾ ವೆಲ್ಹಾವನ್ನು, ರಾಜಧಾನಿ ಮಾಡಿಕೊಂಡಿದ್ದ ಗೋವೆಯ ಕದಂಬರು, ಸುತ್ತಲಿನ ಅರಸುಮನೆತನಗಳಲ್ಲಿ ಶಕವರ್ಷ ರೂಢಿಯಲ್ಲಿದ್ದ ಕಾಲದಲ್ಲಿ, ತಮ್ಮ ಹಲವು ಶಾಸನಗಳಿಗೆ ಕಲಿವರ್ಷವನ್ನು ಆರಿಸಿಕೊಂಡರು. ಅವರ ಮತ್ತೊಂದು ನೆಲೆಯಾದ ಪಲಸಿಗೆಯ, ಎಂದರೆ ಖಾನಾಪುರ ತಾಲ್ಲೂಕಿನ ಹಲಸಿಯ, ಶಾಸನವೊಂದರ ಕಾಲ ಕಲಿಯುಗದ 4270 ವರ್ಷಗಳು ಕಳೆದ ಮೇಲಿನ ವಿರೋಧಿ ಸಂವತ್ಸರ, ಶಿವಚಿತ್ತ ಪೆರ್ಮಾಡಿಯ ಆಳ್ವಿಕೆಯ 23ನೆಯ ವರ್ಷ. ಕ್ರಿಸ್ತಶಕದಲ್ಲಿ ಅದು 1169.

ಈ ಒಂದೇ ಕಾಲನಿರ್ದೇಶದಲ್ಲಿ ಎರಡು ಬಗೆಯ ಎಣಿಕೆಗಳಿವೆ. 4270 ಎಂಬುದು ಗತವರ್ಷಗಳ, ಅಂದರೆ ಪೂರ್ತಿ ಕಳೆದುಹೋದ ವರ್ಷಗಳ, ಸಂಖ್ಯೆಯಾದುದರಿಂದ ಆಗ ನಡೆಯುತ್ತಿದ್ದುದು 4271ನೆಯ ವರ್ಷ. ಈ ಕ್ರಮದಲ್ಲಿ ಯುಗದ ಮೊದಲ ವರ್ಷಕ್ಕೆ ಸಲ್ಲುವ ಅಂಕ ಸೊನ್ನೆ. 23 ಎಂಬುದಾದರೋ ವರ್ತಮಾನವರ್ಷ, ನಡೆಯುತ್ತಿರುವ ವರ್ಷವನ್ನೂ ಸೇರಿಸಿಕೊಂಡು ಒಂದರಿಂದ ಮೊದಲಾಗುವ ಎಣಿಕೆ.

ಅರವತ್ತು ಹೆಸರುಗಳ ಚಕ್ರದಲ್ಲಿ ಸಂವತ್ಸರವನ್ನು ಗಣಿಸುವ ವಿಧಾನದಲ್ಲಿ ಈ ಭೇದ ಇನ್ನೂ ನಿಚ್ಚಳವಾಗುತ್ತದೆ. ದಕ್ಷಿಣದ ಪದ್ಧತಿಯಂತೆ ಕಲಿಯುಗ ಮೊದಲಾದುದು ಪ್ರಮಾಥಿಯಲ್ಲಿ, ಅದರ ಹಿಂದೆ ಹನ್ನೆರಡು ಸಂವತ್ಸರಗಳು ಸಂದಿರುವುದರಿಂದ 4270ಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 22 ಉಳಿಯುತ್ತದೆ. ಪ್ರಭವದಿಂದ ಸರ್ವಧಾರಿಯವರೆಗಿನ ಇಪ್ಪತ್ತೆರಡು ಕಳೆದುವು, ನಡೆಯುತ್ತಿರುವುದು ವಿರೋಧಿ ಎಂಬುದೇ ಆ ಶೇಷದ ಅರ್ಥ. ಶೇಷ ಸೊನ್ನೆಯಾದರೆ ಪ್ರಭವ. ಎಣಿಕೆಯಲ್ಲಿ ಅರವತ್ತನೆಯದಾದ ಅಕ್ಷಯದ ಶೇಷ 59. ಶೇಷವು 60 ಆಗುವುದೆಂಬುದೇ ಇಲ್ಲ.

ಸೊನ್ನೆಯಿಂದ ಮೊದಲಾಗುವ ಇದೇ ಬಗೆಯ ಎಣಿಕೆ ಗಣಕದ ಭಾಷೆಗಳಲ್ಲೂ ಕಾಣುತ್ತದೆ. ಗಣಕದ ಸ್ಮೃತಿಯಲ್ಲಿ ಒಂದರ ಪಕ್ಕ ಒಂದಾಗಿ ಇರಿಸಿದ ಅಂಶಗಳ ಸಾಲಿಗೆ ಅರೇ ಎಂದು ಹೆಸರು. 1972ರ ಸುಮಾರಿಗೆ ರೂಪುಗೊಂಡ ಸಿ ಭಾಷೆಯಲ್ಲಿ ಅದರ ಸೂಚ್ಯಂಕ, ಸಾಲಿನ ಆರಂಭದಿಂದ ಎಷ್ಟು ಅಂಶಗಳನ್ನು ದಾಟಿ ಬರಬೇಕೆಂಬುದನ್ನು ಹೇಳುವ ಸಂಖ್ಯೆಯಾದ್ದರಿಂದ, ಅರವತ್ತು ಅಂಶಗಳ ಅರೇಯ ಕೊನೆಯ ಸೂಚ್ಯಂಕವೂ 59 ಆಗುತ್ತದೆ. ಅದಕ್ಕೂ ಹಿಂದಿನ, 1957ರ, ಫೋರ್ಟ್ರಾನ್ ಒಂದರಿಂದಲೇ ಎಣಿಸುತ್ತಿತ್ತು. ಸಂವತ್ಸರಚಕ್ರ ಅಕ್ಷಯದಿಂದ ಪ್ರಭವಕ್ಕೆ ಮರಳುತ್ತದೆ, ಅರೇ ಹಾಗೆ ಮರಳುವುದಿಲ್ಲ. 60ನ್ನು ಕೇಳಿದವನು ಸಾಲನ್ನು ಮೀರಿ ಪಕ್ಕದ ಸ್ಮೃತಿಗೆ ಕಾಲಿಡುತ್ತಾನೆ.

ಗತವನ್ನು ವರ್ತಮಾನವೆಂದು ಓದಿದರೆ ಶಾಸನದ ಕಾಲ ಒಂದು ವರ್ಷ ಹಿಂದಕ್ಕೆ ಸರಿಯುವುದರಿಂದ ಕಾಲನಿರ್ಣಯಕಾರರಿಗೆ ಈ ವಿವೇಚನೆ ಅನಿವಾರ್ಯ. ಹಲಸಿಯದೇ ಇನ್ನೊಂದು ಬರಹದಲ್ಲಿ ಕಲಿ 4272, ಖರ, ಆಳ್ವಿಕೆಯ 25ನೆಯ ವರ್ಷ ಎಂದಿದೆ. ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ದೇಗಾಂವೆಯ ದೇಗುಲದ ಶಾಸನದಲ್ಲಿ 4275, ಜಯ, 28 ಎಂದಿದೆ. ಮೂರರಲ್ಲೂ ಕಲಿವರ್ಷಕ್ಕೂ ಆಳ್ವಿಕೆಯ ವರ್ಷಕ್ಕೂ ಇರುವ ಅಂತರ 4247. ಲಿಪಿಕಾರರು ಎರಡು ಎಣಿಕೆಗಳನ್ನು ಎಲ್ಲಿಯೂ ಬೆರೆಸಿಲ್ಲವೆಂಬುದು ಮೆಚ್ಚತಕ್ಕ ವಿಷಯ. ಆಳ್ವಿಕೆ ಪ್ರಭವದಲ್ಲೇ ಆರಂಭವಾದುದರಿಂದ ಅರಸನ ವರ್ಷ, ಸಂವತ್ಸರದ ಕ್ರಮಸಂಖ್ಯೆ ಒಂದೇ ಆಗಿ ಬಂದದ್ದು ಮಾತ್ರ ಕಾಕತಾಳೀಯ.

ಇದೇ ವಂಶದ ಚಿನ್ನದ ನಾಣ್ಯಗಳ ಮೇಲೆ ಸಿಂಹಲಾಂಛನದೊಡನೆ ಸಂವತ್ಸರದ ಹೆಸರನ್ನು ಟಂಕಿಸುತ್ತಿದ್ದುದುಂಟು. ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಆ ಹೆಸರೊಂದರಿಂದಲೇ ಅದು ಯಾವ ಸುತ್ತಿನದೆಂದು ತಿಳಿಯದು. ಅದಕ್ಕೆ ನಾಣ್ಯದ ಇನ್ನೊಂದು ಬದಿಯಲ್ಲಿ, ಸಪ್ತಕೋಟೀಶ್ವರನ ವರಪ್ರಸಾದವನ್ನು ಹೇಳುವ ಸಾಲುಗಳಲ್ಲಿರುವ ಅರಸನ ಹೆಸರನ್ನು ಓದಬೇಕು.